ಮಗಳ ರಂಪಕ್ಕೆ ನಮಗೆ ಬರೆದುಕೊಟ್ಟ ಕ್ಲಾಸು

ಮಗಳಿಗೆ ಔಷಧಿ ಬರೆಸಿಕೊಂಡು ಬರೋಣವೆಂದು ಹೋದವರು ನಾವು. ಡಾಕ್ಟರಮ್ಮ ಚೀಟಿಯ ಮೇಲೆ ಬರೆದದ್ದು ಮಾತ್ರೆಯೂ ಅಲ್ಲ, ಟಾನಿಕ್ಕೂ ಅಲ್ಲ. ನನಗೂ ನನ್ನ ಹೆಂಡತಿ ರೂಪಾಳಿಗೂ ಕ್ಲಾಸು! ವಾರಕ್ಕೊಂದು ಸಲ, ಫೋನಿನಲ್ಲೇ, ಬೆಂಗಳೂರಿನಿಂದ ಒಬ್ಬ ಮೇಡಂ ವಿಡಿಯೊದಲ್ಲಿ ಬಂದು ಮಗುವಿನ ಜೊತೆ ಹೇಗಿರಬೇಕೆಂದು ಹೇಳಿಕೊಡುತ್ತಾರಂತೆ. ಐಟಿಐ ಮುಗಿಸಿದ ದಿನವೇ ಇನ್ನು ಈ ಜನ್ಮದಲ್ಲಿ ಕ್ಲಾಸಿನ ಕಾಟ ಇಲ್ಲ ಎಂದು ನೆಮ್ಮದಿಯಾಗಿದ್ದ ನನಗೆ ತಲೆ ತಿರುಗಿತು. "ಕಚ್ಚೋದು ಮಗು, ಕ್ಲಾಸು ನಮಗಾ ಮೇಡಂ?" ಎಂದು ಕೇಳಿಯೂಬಿಟ್ಟೆ. ಡಾಕ್ಟರಮ್ಮ ನಕ್ಕು, "ಅವಳು ಇಡೀ ದಿನ ಇರೋದು ನಿಮ್ಮ ಜೊತೆ ಅಲ್ವಾ?" ಎಂದರು.

ಆ ಕ್ಲಾಸು ಮುಗಿದು ಈಗ ಕೆಲವು ತಿಂಗಳಾಗಿವೆ. ಸಿಕ್ಕಸಿಕ್ಕವರಿಗೆಲ್ಲ ಇದೇ ಕಥೆ ಹೇಳಿ ಹೇಳಿ ನನ್ನ ಹೆಂಡತಿ ಬೇಸತ್ತಿದ್ದಾಳೆ. "ಬಾಯಿ ನೋಯುತ್ತೆ, ಬರೆದುಬಿಡಿ" ಎಂದಳು, ಬರೆಯುತ್ತಿದ್ದೇನೆ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ, ಕಿರುಚುವ ಮಗುವನ್ನು ತೊಡೆಯ ಮೇಲೆ ಅದುಮಿ ಹಿಡಿದು, ಯಾರ ಮುಖವನ್ನೂ ನೋಡಲಾಗದೆ ಕೂತ ಇನ್ನೊಬ್ಬ ಅಪ್ಪನೋ ಅಮ್ಮನೋ ಇದನ್ನು ಓದಿದರೆ ನನಗೆ ಅಷ್ಟೇ ಸಾಕು.

ನಮ್ಮ ಮನೆ ಕೆಜಿಎಫ್‌ನಲ್ಲಿ, ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ಹತ್ತಿರ. ನಾನು ಮುನಿರಾಜು, ವೈಟ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಷಿಯನ್. ದಿನಾ ರೈಲಿನಲ್ಲೇ ಓಡಾಟ. ರೂಪಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ನಮ್ಮಮ್ಮ ನಮ್ಮ ಜೊತೆ ಇದ್ದಾರೆ. ಮಗಳು ಲಿಖಿತಾ, ಆಗ ನಾಲ್ಕು ತುಂಬಿ ಐದಕ್ಕೆ ಬಿದ್ದಿದ್ದಳು. ಅವಳ ಹಿಂದೆ ಹುಟ್ಟಿದ ಗಂಡುಕೂಸು ಇನ್ನೂ ಅಂಬೆಗಾಲಿಡುತ್ತಿತ್ತು. ಅವನನ್ನು ನಾವೆಲ್ಲ ಪುಟ್ಟ ಎನ್ನುತ್ತೇವೆ.

ಲಿಖಿತಾಳ ರಂಪ ಎಂಥದ್ದೆಂದು ಹೇಗೆ ಹೇಳಲಿ? ಚಪಾತಿ ಹರಿದರೆ ರಂಪ, ಹರಿಯದಿದ್ದರೆ ರಂಪ. ಕೈಗೆ ಸಿಕ್ಕಿದ್ದು ಗೋಡೆಗೆ ಬೀಳುತ್ತಿತ್ತು. ಬಿಡಿಸಿಕೊಳ್ಳಲು ಹೋದವರ ಮುಂಗೈಗೆ ಹಲ್ಲು ಇಳಿಯುತ್ತಿತ್ತು. ನಾನಂತೂ ಕೆಲಸಕ್ಕೆ ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ. ಗಂಡುಹುಡುಗನಾಗಿದ್ದರೆ ತುಂಟ ಎಂದು ಸುಮ್ಮನಾಗುತ್ತಿದ್ದ ಬೀದಿ, ಹೆಣ್ಣುಮಗುವಾದ್ದರಿಂದ ಬಾಯಿಗೆ ಕೈ ಇಟ್ಟುಕೊಂಡು ನೋಡುತ್ತಿತ್ತು. ಅದಕ್ಕೇ ನನಗೆ ಹೆಚ್ಚು ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಯಾವ ಸಿಟ್ಟಿಗೋ ಏನೋ, ಪುಟ್ಟ ಮಲಗಿದ್ದ ಸೀರೆಯ ಜೋಲಿಯನ್ನು ಹಿಡಿದು ಜೋರಾಗಿ ಎಳೆದು ತೂಗಿಬಿಟ್ಟಳು. ಕೂಸು ಕೆಳಗೆ ಬಿತ್ತು. ಕೆಳಗೆ ಹಾಸಿಗೆ ಇದ್ದದ್ದು ನಮ್ಮ ಪುಣ್ಯ. ಹಣೆಯಲ್ಲಿ ಒಂದು ಬುಗುಟು ಬಂತು, ಅಷ್ಟೇ. ನನಗೆ ಫೋನ್ ಬಂದಾಗ ನಾನು ಒಂದು ಫ್ಲ್ಯಾಟಿನಲ್ಲಿ ಏಣಿಯ ಮೇಲಿದ್ದೆ. ಹೇಗೆ ಇಳಿದೆನೋ, ಹೇಗೆ ಸ್ಟೇಷನ್ ಮುಟ್ಟಿದೆನೋ ಇಂದಿಗೂ ನೆನಪಿಲ್ಲ.

ನಾನು ಮನೆ ಸೇರುವಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಅಮ್ಮ ಬೂದಿಕೋಟೆಯ ಹತ್ತಿರದ ಹಳ್ಳಿಯಲ್ಲಿರುವ ರೂಪಾಳ ಅಪ್ಪನಿಗೆ ಫೋನ್ ಮಾಡಿಯಾಗಿತ್ತು. ಲಿಖಿತಾ ಅಲ್ಲಿಗೆ ಹೋಗಬೇಕು. ಪುಟ್ಟ ದೊಡ್ಡವನಾಗುವವರೆಗೆ ಅಲ್ಲೇ ಇರಬೇಕು, ಅಲ್ಲಿನ ಅಂಗನವಾಡಿಗೇ ಸೇರಬೇಕು.

"ಕೂಸಿಗೆ ಏನಾದ್ರೂ ಆಗಿದ್ರೆ ಏನ್ಲಾ ಮಾಡ್ತಿದ್ದೆ?" ಎಂದರು ಅಮ್ಮ. "ನಂಗೇನು ಅವಳು ಬ್ಯಾಡ್ವಾ? ಇಬ್ರೂ ಉಳೀಬೇಕಲ್ಲಾ. ಅವಳು ಅಲ್ಲೇ ಇರ್ಲಿ ಸ್ವಲ್ಪ ದಿನ. ಅಲ್ಲಿ ಹಸ ಅವೆ, ಕರ ಅವೆ, ಆಡ್ಕೊಂಡಿರ್ತಾಳೆ."

ರೂಪಾ ಪುಟ್ಟನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತ ಕೂತಿದ್ದಳು. ಲಿಖಿತಾ ಬಾಗಿಲ ಹಿಂದೆ ನಿಂತಿದ್ದಳು. ನನಗೆ ಭಯವಾಗಿತ್ತು, ಪುಟ್ಟನ ಬಗ್ಗೆಯೂ, ಅವಳ ಬಗ್ಗೆಯೂ. ಒಮ್ಮೆ ಕಳಿಸಿದರೆ ಅವಳು ಈ ಮನೆಗೆ ನೆಂಟಳಾಗಿಬಿಡುತ್ತಾಳೆ ಎನ್ನಿಸಿತು. "ಒಂದು ಸಲ ಡಾಕ್ಟರಿಗೆ ತೋರಿಸೋಣ. ಆಗಲಿಲ್ಲ ಅಂದ್ರೆ ಯುಗಾದಿ ಕಳೆದ ಮೇಲೆ ಕಳ್ಸೋಣ" ಎಂದೆ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಯುಗಾದಿ ತಂಕ ಅಷ್ಟೇ ಮತ್ತೆ" ಎಂದರು.

ಹೀಗೆ ನಾವು ಆಸ್ಪತ್ರೆಗೆ ಹೋದದ್ದು. ಮಕ್ಕಳ ವಿಭಾಗದ ಮುಂದೆ ಕಬ್ಬಿಣದ ಬೆಂಚುಗಳು. ನಮ್ಮ ನಂಬರು ಬರುವಷ್ಟರಲ್ಲಿ ಲಿಖಿತಾ ಪಕ್ಕದ ಮಗುವಿನ ಬಿಸ್ಕತ್ತು ಕಿತ್ತುಕೊಂಡಿದ್ದಳು, ತೂಕದ ಯಂತ್ರದ ಮೇಲೆ ಕುಣಿದಿದ್ದಳು, ಬೇಡ ಎಂದಿದ್ದಕ್ಕೆ ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದಳು. ಸಾಲಿನಲ್ಲಿದ್ದ ಒಬ್ಬ ಅಜ್ಜಿ, "ಅಯ್ಯೋ, ಪೊಣ್ಣು ಪಿಳ್ಳೆ, ಹೆಣ್ಮಗು, ಇಷ್ಟು ಆಟ ಆಡುತ್ತಾ?" ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಇಡೀ ವರಾಂಡಕ್ಕೆ ಕೇಳಿಸಿತು. ರೂಪಾಳ ಕಣ್ಣು ತುಂಬಿ ಬಂತು. ಆಗ ಎದುರು ಬೆಂಚಿನ ಹೆಂಗಸೊಬ್ಬಳು ತನ್ನ ಚೀಲ ಎತ್ತಿ ರೂಪಾಳಿಗೆ ಜಾಗ ಮಾಡಿಕೊಟ್ಟು, "ಕೂತ್ಕೊಳ್ಳಕ್ಕಾ. ನಮ್ಮೋನೂ ಇಂಗೇ" ಎಂದಳು. ಅವಳ ಹೆಸರೂ ಗೊತ್ತಿಲ್ಲ. ಆ ಮಾತಿನ ಋಣ ಮಾತ್ರ ನನ್ನ ಮೇಲೆ ಇನ್ನೂ ಇದೆ.

ಡಾಕ್ಟರಮ್ಮ ಕಿವಿ ನೋಡಿದರು, ಮಾತಾಡಿಸಿದರು, ಬ್ಲಾಕು ಜೋಡಿಸಲು ಕೊಟ್ಟರು, ನಮ್ಮಿಂದ ಒಂದು ರಾಶಿ ವಿಷಯ ಕೇಳಿದರು. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಹೆಸರು ಹೇಳಿದರು. ನನಗೆ ನೆನಪಿರುವುದು ಅದಾದ ಮೇಲೆ ಅವರು ಕನ್ನಡದಲ್ಲಿ ಹೇಳಿದ್ದು: "ಇದು ಕೊಬ್ಬಲ್ಲ, ಕೆಟ್ಟತನ ಅಲ್ಲ. ನಿಮ್ಮ ಮಗು ಚುರುಕಾಗಿದ್ದಾಳೆ. ಸರಿಹೋಗುತ್ತೆ, ಆದರೆ ನೀವು ಮಾಡಬೇಕು." ಸರಿಹೋಗುತ್ತೆ! ನಾನು ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಂದೆ.

ಕ್ಲಾಸಿನ ಹೊತ್ತು ಸಂಜೆ. ಅಪ್ಪ-ಅಮ್ಮ ಇಬ್ಬರೂ ಇರಲೇಬೇಕೆಂದು ಮೇಡಂ ಹಟ ಹಿಡಿದರು. ರೂಪಾ ಮನೆಯಿಂದ ಸೇರಿಕೊಂಡಳು. ಆ ಹೊತ್ತಿಗೆ ನಾನು ರೈಲಿನಲ್ಲಿರುತ್ತಿದ್ದೆ, ಅಲ್ಲಿಂದಲೇ ಸೇರಿಕೊಂಡೆ. ನಮ್ಮ ಸಂಜೆಯ ರೈಲು ಎಂದರೆ ಗೊತ್ತಲ್ಲ, ಉಸಿರಾಡಲು ಜಾಗ ಸಿಕ್ಕರೆ ಅದೇ ದೊಡ್ಡದು. ದಿನಾ ಹೋಗುವವರದ್ದು ಒಂದೊಂದು ಗುಂಪು, ಒಂದೊಂದು ಮೂಲೆ. ನಮ್ಮ ಮೂಲೆಯ ಯಜಮಾನ ಸೆಲ್ವಂ ಅಣ್ಣ. ಮಾರಿಕುಪ್ಪಂ ಕಡೆಯವರು, ಫ್ಯಾಕ್ಟರಿಯಲ್ಲಿ ಫಿಟ್ಟರ್. ತಮಿಳು ಬೆರೆಸಿದ ಕನ್ನಡ, ಮೈಕೇ ಬೇಡದ ಗಂಟಲು.

ಮೊದಲ ದಿನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಳ್ಳನ ಹಾಗೆ ಕಿಟಕಿ ಕಡೆ ತಿರುಗಿ ಕೂತಿದ್ದೆ. ಯಾರದೋ ಬ್ಯಾಗು ತಗುಲಿ ತಂತಿ ಕಿತ್ತುಬಂತು. ಮೇಡಂ ದನಿ ಬೋಗಿಗೆಲ್ಲ ಕೇಳಿಸಿತು: "ದಿನಾ ಸ್ವಲ್ಪ ಹೊತ್ತು ಮಗಳ ಜೊತೆ ಆಟ ಆಡಿ ಮುನಿರಾಜು ಅವರೇ. ಅವಳು ಹೇಳಿದ ಆಟ. ಹಾಗೆ ಮಾಡು, ಹೀಗೆ ಮಾಡು ಅನ್ನಬೇಡಿ. ಪ್ರಶ್ನೆ ಕೇಳಬೇಡಿ. ಅವಳು ಏನು ಮಾಡುತ್ತಾಳೋ ಅದನ್ನು ಹೇಳ್ತಾ ಹೋಗಿ."

ಬೋಗಿಯವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಬಾಗಿಲಿನಿಂದ ಹಾರೋಣ ಎನ್ನಿಸಿತು. ಸೆಲ್ವಂ ಅಣ್ಣ ನನ್ನ ಭುಜ ತಟ್ಟಿ, "ತಂಬಿ, ಆ ತಂತಿ ಬೇಡ. ಸ್ಪೀಕರ್ ಹಾಕು. ನನ್ ಮೊಮ್ಮಗನೂ ಇದೇ ಕೇಸು" ಎಂದರು. ಅಲ್ಲಿಂದ ಶುರು! ಹಿಂದೆ ಯಾರಿದ್ದಾರೆ, ಅವರು ಕೇಳಿಸಿಕೊಳ್ಳುವುದು ನಿಮಗೆ ಪರವಾಗಿಲ್ಲವೇ ಎಂದು ಮೇಡಂ ಕೇಳಿದರು. "ಮೇಡಂ, ಇವರೆಲ್ಲ ನನ್ನ ಮದುವೆಗೇ ಬಂದಿದ್ದೋರು" ಎಂದೆ. ರೂಪಾ ಅಲ್ಲಿಂದಲೇ, "ಹೌದು ಮೇಡಂ, ಮಿಕ್ಸಿ ಕೊಟ್ಟಿದ್ದಾರೆ" ಎಂದಳು.

ಆಟ ಎಂದರೆ ಲಿಖಿತಾಳ ಪಾಲಿಗೆ ಡಬ್ಬಿಗಳು. ನಾನು ನೆಲದ ಮೇಲೆ ಕೂತು ಕ್ರಿಕೆಟ್ ಕಾಮೆಂಟರಿಯ ಹಾಗೆ ಶುರು ಮಾಡಿದೆ. "ಲಿಖಿತಾ ಕೆಂಪು ಮುಚ್ಚಳ ತಗೊಂಡಳು. ಅದನ್ನ ನೀಲಿ ಡಬ್ಬಿ ಮೇಲೆ ಇಟ್ಟಳು. ಓಹೋ, ಸರಿಯಾಗಿ ಕೂತ್ಕೊಂತು." ಸೊಪ್ಪು ಬಿಡಿಸುತ್ತಿದ್ದ ಅಮ್ಮ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದರು. "ಅವಳಿಗೇನು ಕಣ್ಣು ಕಾಣಲ್ವಾ? ಅವಳು ಮಾಡೋದ್ನ ಅವಳ್ಗೇ ಯಾಕ್ಲಾ ಏಳ್ತಿದ್ದೀಯಾ?" ಎಂದರು. ಆದರೆ ಲಿಖಿತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಸರಿದು ಸರಿದು ಬಂದು ನನ್ನ ಮೊಣಕಾಲಿಗೆ ಒರಗಿಕೊಂಡಳು. ಅವಳು ತಾನಾಗಿ ಬಂದು ಒರಗಿ ಎಷ್ಟು ಕಾಲವಾಗಿತ್ತು! ನಾನು ಕಾಮೆಂಟರಿ ನಿಲ್ಲಿಸಲೇ ಇಲ್ಲ, ಕಾಲು ಜೋಮು ಹಿಡಿದರೂ.

ಇನ್ನೊಂದು ವಾರದ ಪಾಠ, ಮಗುವಿಗೆ ಕೆಲಸ ಹೇಳುವುದು. ಸ್ಪಷ್ಟವಾಗಿ, ಒಂದೇ ಮಾತಿನಲ್ಲಿ, ಸಮಾಧಾನವಾಗಿ. ಮೇಡಂ ಅಭ್ಯಾಸ ಮಾಡಿಸೋಣ ಎಂದದ್ದೇ ಸೆಲ್ವಂ ಅಣ್ಣ, "ನಾನು ಲಿಖಿತಾ" ಎಂದು ಚಕ್ಕಳಮಕ್ಕಳ ಹಾಕಿ ಸೀಟಿನ ಮೇಲೆ ಕೂತರು. ನಾನು, "ಊಟದ ಡಬ್ಬಿ ಬ್ಯಾಗಿಗೆ ಇಡ್ತೀಯಾ ಪುಟ್ಟಿ?" ಎಂದೆ.

"ಇಡಲ್ಲ, ಪೋ!" ಎಂದರು ಅರವತ್ತರ ಹತ್ತಿರದ ಲಿಖಿತಾ, ಬೋಗಿ ಅದುರುವಂತೆ.

"ನೀವು ಪ್ರಶ್ನೆ ಕೇಳಿದಿರಿ, ಇಲ್ಲ ಅನ್ನೋಕೆ ದಾರಿ ನೀವೇ ಕೊಟ್ಟಿರಿ" ಎಂದರು ಮೇಡಂ ನಗು ತಡೆಯುತ್ತ.

"ಡಬ್ಬಿ ಬ್ಯಾಗಿಗೆ ಇಡು" ಎಂದೆ. ಸೆಲ್ವಂ ಅಣ್ಣ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ, ಡಬ್ಬಿ ಒಳಗಿಟ್ಟರು. "ಹೇಳಿದ ತಕ್ಷಣ ಡಬ್ಬಿ ಇಟ್ಟೆ, ಜಾಣೆ!" ಎಂದು ನಾನು ಹೇಳುವ ಮೊದಲೇ ನಿಂತವರೂ ಕೂತವರೂ ಒಟ್ಟಿಗೆ ಹೇಳಿ ಚಪ್ಪಾಳೆ ತಟ್ಟಿದರು. ನಾನು ಅಷ್ಟು ನಕ್ಕ ದಿನ ಆ ವರ್ಷದಲ್ಲಿ ಇನ್ನೊಂದಿಲ್ಲ.

ಇಷ್ಟರವರೆಗೆ ಸಲೀಸು. ತೊಡಕು ಬಂದದ್ದು ಹೊಗಳುವುದರಲ್ಲಿ. ಮಗು ಒಳ್ಳೆಯದು ಮಾಡಿದ ಕೂಡಲೇ, ಏನು ಮಾಡಿದಳೆಂದು ಹೆಸರಿಟ್ಟು ಹೊಗಳಬೇಕು ಎಂದು ಮೇಡಂ ಹೇಳಿದ್ದರು. ರೂಪಾ, "ಲಿಖಿತಾ ತಟ್ಟೆ ತಾನೇ ತೊಳೆಯೋಕೆ ಹಾಕಿದಳು, ಎಷ್ಟು ಚೆನ್ನ!" ಎನ್ನುವುದೇ ತಡ, ಅಮ್ಮ ಅಡುಗೆಮನೆಯಿಂದ, "ಏನ್ ಚೆನ್ನ, ಕೋತಿಮುಂಡೇದು!" ಎನ್ನುತ್ತಿದ್ದರು. ಬೈಗುಳವಲ್ಲ ಅದು, ಕಾವಲು. ಮಕ್ಕಳನ್ನು ಎದುರಿಗೆ ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ನಂಬಿದವರು ಅವರು. ಹೊಗಳಿಕೆ ಮಗುವಿಗೆ ತಾಗುವ ಮೊದಲೇ ಒಂದು ಕೋತಿಯನ್ನು ಅಡ್ಡ ಬಿಟ್ಟರೆ ಸುರಕ್ಷಿತ. ಪಾಪ ಲಿಖಿತಾ ಜಾಣೆಯೋ ಕೋತಿಯೋ ತಿಳಿಯದೆ ಇಬ್ಬರನ್ನೂ ನೋಡುತ್ತಿದ್ದಳು.

ಅದರ ಮುಂದಿನ ವಾರ ಸಣ್ಣಪುಟ್ಟ ರಂಪವನ್ನು ಕಂಡೂ ಕಾಣದ ಹಾಗಿರಬೇಕೆಂಬ ಪಾಠ. ಹೊಡೆದರೆ, ಕಚ್ಚಿದರೆ ಪುಟ್ಟನನ್ನು ಎತ್ತಿಕೊಂಡು ಬೇರೆ ಕಡೆ ಹೋಗಬೇಕು. ಬರೀ ಕಿರುಚಾಟವಾದರೆ ಆ ಕಡೆ ನೋಡಲೇಬಾರದು. ನಾನೂ ರೂಪಾನೂ ಹಲ್ಲು ಕಚ್ಚಿ ಮಾಡಿದೆವು. ರಂಪ ಕಡಿಮೆಯಾಗುವ ಬದಲು ಏರಿತು! ಏರಿತು ಎಂದರೆ, ಪಕ್ಕದ ಮನೆಯವರು ಬಾಗಿಲು ಬಡಿದು ಕೇಳುವಷ್ಟು. ಯುಗಾದಿ ಹತ್ತಿರ ಬರುತ್ತಿತ್ತು. ಬೂದಿಕೋಟೆ ಕಡೆಯಿಂದ ಮಾವ ಫೋನ್ ಮಾಡಿದಾಗಲೆಲ್ಲ, ಅಂಗನವಾಡಿ ಟೀಚರ್ ಜೊತೆ ಮಾತಾಡಿದ್ದೀನಿ ಎನ್ನುತ್ತಿದ್ದರು.

ರೈಲಿನಲ್ಲಿ ಆ ಸಂಜೆ ನನ್ನ ಮುಖ ನೋಡಿ ಯಾರೂ ತಮಾಷೆ ಮಾಡಲಿಲ್ಲ. ಮೇಡಂ ಸಮಾಧಾನವಾಗಿ ಕೇಳಿದರು: "ರಂಪ ಮುಗಿಯುತ್ತಲ್ಲ, ಆಮೇಲೆ ಮನೆಯಲ್ಲಿ ಏನಾಗುತ್ತೆ? ತಕ್ಷಣ ಏನಾಗುತ್ತೆ?"

"ಏನೂ ಇಲ್ಲ ಮೇಡಂ. ಅಮ್ಮ ದೃಷ್ಟಿ ತೆಗೀತಾರೆ, ಅಷ್ಟೇ" ಎಂದೆ ನಾನು.

"ಹೇಗೆ ತೆಗೀತಾರೆ? ಪೂರ್ತಿ ಹೇಳಿ."

ಹೇಳಿದೆ. ಅಮ್ಮನ ಲೆಕ್ಕದಲ್ಲಿ ಮಗು ಹಾಗೆ ಕಿರುಚಿದರೆ ಅದು ಯಾರದೋ ಕಣ್ಣು ಬಿದ್ದದ್ದೇ. ಆದ್ದರಿಂದ ರಂಪ ಇಳಿಯುತ್ತಿದ್ದಂತೆ ಹಜಾರದ ನಡುವೆ ಮಣೆ ಹಾಕುತ್ತಾರೆ. ಅದರ ಮೇಲೆ ಲಿಖಿತಾಳನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸುತ್ತಾರೆ. ನಾವೆಲ್ಲ ಕೆಲಸ ಬಿಟ್ಟು ಸುತ್ತ ನಿಲ್ಲಬೇಕು. ಒಣಮೆಣಸಿನಕಾಯಿ, ಕಲ್ಲುಪ್ಪು, ಪೊರಕೆ ಕಡ್ಡಿ ಮುಷ್ಟಿಯಲ್ಲಿ ಹಿಡಿದು ಅವಳಿಗೆ ನೀವಾಳಿಸುತ್ತಾರೆ. ಬೀದಿಯವರ ಕಣ್ಣು, ನೆಂಟರ ಕಣ್ಣು, ಹೆತ್ತೋರ ಕಣ್ಣು ಎಂದು ಒಬ್ಬೊಬ್ಬರ ಹೆಸರೂ ಹೇಳುತ್ತಾರೆ. ಹಿತ್ತಲಿನ ನೀರೊಲೆಗೆ ಹಾಕಿದರೆ ಉಪ್ಪು ಚಟಪಟ ಸಿಡಿಯುತ್ತದೆ, ಲಿಖಿತಾ ಚಪ್ಪಾಳೆ ತಟ್ಟುತ್ತಾಳೆ. ಕೊನೆಗೆ ಅವಳ ಕೆನ್ನೆ ಸವರಿ, ಬಾಯಿಗೆ ಒಂದು ತುಂಡು ಬೆಲ್ಲ.

ಹೇಳುತ್ತ ಹೇಳುತ್ತ ನನ್ನ ಮಾತು ನಿಧಾನವಾಯಿತು. ಬೆಲ್ಲಕ್ಕೆ ಬರುವಷ್ಟರಲ್ಲಿ ನಿಂತೇಹೋಯಿತು. ಸೆಲ್ವಂ ಅಣ್ಣ ತೊಡೆ ತಟ್ಟಿಕೊಂಡು ಎದ್ದರು. "ಅಡ ಪಾವಿ! ತಂಬಿ, ಇದು ಸನ್ಮಾನ ಅಲ್ವಾಡಾ! ಹಾರ ಒಂದು ಬಾಕಿ!"

ಇಡೀ ಬೋಗಿ ಗೊಳ್ಳೆಂದಿತು. ಮೇಡಂ ಕೂಡ ನಗುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಟೇಕಲ್ ಸ್ಟೇಷನ್ ಬಂತು, ನೆಟ್‌ವರ್ಕ್ ಹೋಯಿತು. ಅವರ ಮುಖ ಬಾಯಿ ತೆರೆದ ಹಾಗೆಯೇ ನಿಂತುಬಿಟ್ಟಿತು. ನನಗೆ ಇನ್ನೇನೂ ಕೇಳಬೇಕಿರಲಿಲ್ಲ. ಸಿಕ್ಕಿತ್ತು! ನಾವು ಅಪ್ಪ-ಅಮ್ಮ ಗೋಡೆ ನೋಡುತ್ತ ಕೂತರೆ, ಮಗು ಇನ್ನಷ್ಟು ಕಿರುಚಿ, ಮಣೆ ಗಿಟ್ಟಿಸಿಕೊಳ್ಳುತ್ತಿತ್ತು. ಬಂಗಾರಪೇಟೆ ದಾಟಿ ನಾನು ಇಳಿಯುವ ಸ್ಟೇಷನ್ ಬರುವವರೆಗೆ ನನಗೆ ಕೂರಲಾಗಲಿಲ್ಲ, ಬಾಗಿಲಲ್ಲೇ ನಿಂತಿದ್ದೆ.

ಉತ್ಸಾಹದಲ್ಲಿ ನಾನು ಕೆಲಸ ಕೆಡಿಸಿದೆ. ಚಪ್ಪಲಿ ಬಿಡುತ್ತಲೇ, "ಅಮ್ಮಾ, ಇನ್ಮೇಲೆ ದೃಷ್ಟಿ ತೆಗೀಬೇಡ!" ಎಂದೆ.

ಅಮ್ಮನ ಮುಖ ಕೆಂಪಾಯಿತು. "ನನ್ ಕೂಸಿಗೆ ದಿಷ್ಟಿ ತಗೀಬ್ಯಾಡ ಅನ್ನೋಕೆ ಆ ಫೋನಮ್ಮ ಯಾರ್ಲಾ? ನಿನ್ನ ಎಂಗೆ ಸಾಕಿದ್ದು ನಾನು? ಇದೇ ಮೆಣಸಿನಕಾಯಲ್ಲೇ ಅಲ್ವಾ?" ಎಂದು ಸೆರಗು ಕೊಡವಿಕೊಂಡು ಹಿತ್ತಲಿಗೆ ಹೋದವರು ಊಟಕ್ಕೂ ಬರಲಿಲ್ಲ.

ಮಾರನೆಯ ದಿನ ಭಾನುವಾರ. ರೂಪಾ ಅಮ್ಮನ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ, ನನ್ನ ಕಡೆ ನೋಡದೆಯೇ ಮಾತು ತೆಗೆದಳು. "ಅತ್ತೆ, ಹೊಗಳಿದ್ರೆ ದೃಷ್ಟಿ ಆಗುತ್ತೆ ಅಂತೀರಲ್ವಾ?"

"ಆಗ್ದೆ ಏನು?"

"ಮತ್ತೆ ನಾವು ಈಗ ದಿನಾ ಹೊಗಳ್ತಿದ್ದೀವಲ್ಲ. ಎಷ್ಟು ದೃಷ್ಟಿ ಆಗಿರಬೇಕು ಅವಳಿಗೆ? ಹೊಗಳಿದ ತಕ್ಷಣ ತೆಗೀಬೇಕಲ್ವಾ? ಕಿರುಚೋವರೆಗೂ ಯಾಕೆ ಬಿಡಬೇಕು?"

ಅಮ್ಮನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಆಮೇಲೆ, "ಅದ್ನೇ ಅಲ್ವಾ ನಾನೂ ಏಳ್ತಿರೋದು, ಇವನಿಗೆ ಅರ್ಥ ಆಗಲ್ಲ" ಎಂದು ನನ್ನ ಕಡೆ ಕೈ ತೋರಿಸಿದರು. ನಾನು ತಲೆ ತಗ್ಗಿಸಿ ಅವರೆಕಾಯಿ ಎತ್ತಿಕೊಂಡೆ. ನನ್ನ ಹೆಂಡತಿಯ ಮೇಲೆ ನನಗೆ ಆ ದಿನ ಬಂದ ಪ್ರೀತಿಯನ್ನು ಇಲ್ಲಿ ಬರೆದರೆ ಅವಳು ಬೈಯುತ್ತಾಳೆ.

ಅದೇ ಮಧ್ಯಾಹ್ನ ಟಿವಿ ಆರಿಸಿದ್ದಕ್ಕೆ ರಂಪ ಶುರುವಾಯಿತು. ನಾವು ಮೂವರೂ ಬೇರೆ ಬೇರೆ ಕೆಲಸ ಹಿಡಿದೆವು. ಅಮ್ಮ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಕಿರುಚಿ ಕಿರುಚಿ ದನಿ ಕಟ್ಟಿದ ಮೇಲೆ ಲಿಖಿತಾ ಸುತ್ತ ನೋಡಿದಳು. ಯಾರೂ ಬರಲಿಲ್ಲ. ತಾನೇ ಹೋಗಿ, ಮಣೆ ಎಳೆದುಕೊಂಡು ಬಂದು, ಹಜಾರದ ನಡುವೆ ಹಾಕಿ, ಪೂರ್ವಕ್ಕೆ ಮುಖ ಮಾಡಿ ಕೂತು ಕೂಗಿದಳು: "ಅಜ್ಜೀ, ಮೆಣಸಿನಕಾಯಿ!"

ನಾನು ಬಚ್ಚಲಿಗೆ ಓಡಿಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದರಂತೆ. ಅವರು ನಗುತ್ತಿದ್ದರೋ ಅಳುತ್ತಿದ್ದರೋ ರೂಪಾಳಿಗೂ ತಿಳಿಯಲಿಲ್ಲ. ಆದರೆ ಹೊರಗೆ ಬರಲಿಲ್ಲ, ಅದು ದೊಡ್ಡದು. ಮೊಮ್ಮಗಳು ಕರೆದರೆ ಹೋಗದೆ ಇರುವುದು ಅವರ ಜೀವಮಾನದಲ್ಲಿ ಇರಲಿಲ್ಲ.

ಸಂಜೆ ಪುಟ್ಟ ಅಂಬೆಗಾಲಿಟ್ಟು ಬಂದು ಅವಳ ಗಿಲಕಿಗೆ ಕೈ ಹಾಕಿದ. ಲಿಖಿತಾ ಕಿತ್ತುಕೊಂಡಳು, ಏನನ್ನಿಸಿತೋ, ಮತ್ತೆ ಅವನ ಕೈಗೆ ಕೊಟ್ಟಳು. "ತಮ್ಮಂಗೆ ಗಿಲಕಿ ಕೊಟ್ಟೆ ನೀನು!" ಎಂದಳು ರೂಪಾ. ಅಷ್ಟೇ, ಅಮ್ಮ ಓಡಿಬಂದರು. ಮಣೆ, ಮೆಣಸಿನಕಾಯಿ, ಕಲ್ಲುಪ್ಪು, ಚಟಪಟ, ಬೆಲ್ಲ, ಎಲ್ಲವೂ! ಲಿಖಿತಾ ಮಣೆಯ ಮೇಲೆ ಬೆರಗಾಗಿ ಕೂತಿದ್ದಳು. ಕಿರುಚದೆಯೇ ಇದು ಸಿಗುತ್ತದೆಂದು ಅವಳಿಗೆ ಯಾರು ಹೇಳಿದ್ದರು?

ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ಎದ್ದು ಕುಣಿಯೋಣ ಎನ್ನಿಸುತ್ತದೆ. ಹುಡುಗಿ ಅಜ್ಜಿಯ ಕಡೆ ಓರೆಗಣ್ಣಿಟ್ಟುಕೊಂಡೇ ಚಪ್ಪಲಿ ಜೋಡಿಸುತ್ತಿದ್ದಳು, ಲೋಟ ಎತ್ತಿಡುತ್ತಿದ್ದಳು, ಪುಟ್ಟನ ಬಾಯಿ ಒರೆಸುತ್ತಿದ್ದಳು. ನೀರೊಲೆಯ ಘಾಟಿಗೆ ಹಿಂದಿನ ಮನೆಯವರೆಲ್ಲ ಕೆಮ್ಮತೊಡಗಿದರು. ಕೊನೆಗೆ ಅಮ್ಮನೇ ಕೈಚೆಲ್ಲಿದರು. "ಒಳ್ಳೇದು ಮಾಡಿದ್ದಕ್ಕೆಲ್ಲ ಮೆಣಸಿನಕಾಯಿ ಸುಟ್ರೆ ಸಾರಿಗೇನು ಆಕಾಣ? ಓಗ್ಲಿ, ಘಾಟು ಬರ್ತಿದೆ, ಅಂದ್ರೆ ದಿಷ್ಟಿ ಜಾಸ್ತಿ ಇಲ್ಲ" ಎಂದು, ಅವಳ ಕೆನ್ನೆ ಸವರಿ ತಮ್ಮ ಹಣೆಯ ಪಕ್ಕಕ್ಕೆ ಬೆರಳು ಒತ್ತಿ ನೆಟಿಗೆ ಮುರಿಯುವುದಕ್ಕೆ ಇಳಿದರು. ಲಟಲಟ ಎನ್ನುವ ಆ ಸದ್ದು ಲಿಖಿತಾಳಿಗೆ ಬೆಲ್ಲಕ್ಕಿಂತ ರುಚಿ. ಮೇಡಂಗೆ ಹೇಳಿದಾಗ ಅವರು ವಿಡಿಯೊದಲ್ಲೇ ಬೆರಳು ಮುರಿಯಲು ನೋಡಿ, ಸದ್ದು ಬರದೆ, ಅಮ್ಮನಿಂದ ಪಾಠ ಹೇಳಿಸಿಕೊಂಡರು. ಅಮ್ಮ ಆವತ್ತಿನಿಂದ ಅವರನ್ನು ಫೋನಮ್ಮ ಎನ್ನುವುದು ಬಿಟ್ಟು ನಮ್ಮ ಮೇಡಮ್ಮ ಎನ್ನುತ್ತಾರೆ.

ಎಲ್ಲ ಸರಿಯಾಗಿಬಿಟ್ಟಿತು ಎಂದು ಸುಳ್ಳು ಹೇಳಲಾರೆ. ಯುಗಾದಿಗೆ ಸ್ವಲ್ಪ ಮುಂಚೆ ಒಂದು ದಿನ ಪುಟ್ಟ ಅವಳ ಜಡೆ ಹಿಡಿದೆಳೆದ, ಅವಳು ಅವನ ತೋಳು ಕಚ್ಚಿದಳು. ಹಲ್ಲಿನ ಗುರುತು ಸಂಜೆಯವರೆಗೂ ಇತ್ತು. ರೂಪಾ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು. ಕಳಿಸುವುದು ಬೇಡವೆಂದು ಅಮ್ಮನ ಬಾಯಿಂದ ಇನ್ನೂ ಬಂದಿರಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಯುಗಾದಿ ಕಳೆಯಿತು. ಮಾವ ಹೇಳಿದಂತೆಯೇ ಬೂದಿಕೋಟೆಯಲ್ಲಿ ಬಸ್ಸು ಹತ್ತಿ, ಬಂಗಾರಪೇಟೆಯಲ್ಲಿ ಬದಲಿಸಿ, ಒಂದು ಕ್ಯಾನು ಹಾಲು ಹಿಡಿದು ಬಂದರು. ಒಳ್ಳೆಯ ಮನುಷ್ಯ, ಮೊಮ್ಮಗಳೆಂದರೆ ಜೀವ. ಹಿಂದಿನ ದಿನವೇ ರೂಪಾ ಕಣ್ಣೊರೆಸಿಕೊಳ್ಳುತ್ತ ಲಿಖಿತಾಳ ಬಟ್ಟೆ ತುಂಬಿ, ಬ್ಯಾಗನ್ನು ಬಾಗಿಲ ಪಕ್ಕ ಇಟ್ಟಿದ್ದಳು. ಅಮ್ಮ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು. ಇಡಬೇಡ ಎನ್ನಲಿಲ್ಲ, ಇಡು ಎನ್ನಲೂ ಇಲ್ಲ.

ಊಟವಾದ ಮೇಲೆ ಮಾವ ಪುಟ್ಟನನ್ನು ತೊಡೆಯ ಮೇಲೆ ಕೂರಿಸಿಕೊಂಡು ಲಿಖಿತಾಳ ಲೋಟದಲ್ಲಿ ಅವನಿಗೆ ಹಾಲು ಕುಡಿಸಲು ಹೋದರು. ಆಗಿಹೋಯಿತು. ಲೋಟ ಗೋಡೆಗೆ, ಹಾಲು ನೆಲಕ್ಕೆ, ಹುಡುಗಿ ಹಾಲಿನ ಮೇಲೆ. ಮಾವ, "ಏಯ್!" ಎಂದು ಎದ್ದರು. ರೂಪಾ ಪುಟ್ಟನನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಪೇಪರು ಹಿಡಿದೆ. ಅಕ್ಷರಗಳು ಕಾಣುತ್ತಿರಲಿಲ್ಲ. ಇದನ್ನು ಕಣ್ಣಾರೆ ಕಂಡ ಮೇಲೆ ಇನ್ನೇನು ಉಳಿಯಿತು ಎಂದುಕೊಂಡೆ.

"ಏನಿದು, ಯಾರೂ ಏನೂ ಅನ್ನಲ್ವಾ?" ಎಂದರು ಮಾವ.

"ಸುಮ್ನಿರಿ ಬೀಗರೇ" ಎಂದರು ಅಮ್ಮ. "ಅವಳ್ನ ನೋಡ್ಬ್ಯಾಡಿ. ಈ ಕಡೆ ತಿರುಗಿ. ಕ್ಯಾಲೆಂಡರ್ ನೋಡಿ."

ಇಬ್ಬರು ಹಿರಿಯರು ಅಕ್ಕಪಕ್ಕ ನಿಂತು ಗೋಡೆಯ ಕ್ಯಾಲೆಂಡರನ್ನು ನೋಡತೊಡಗಿದರು. ಮಾವ ಕುತ್ತಿಗೆ ತಿರುಗಿಸಲು ಹೋದಾಗಲೆಲ್ಲ ಅಮ್ಮ ಮೊಣಕೈಯಿಂದ ತಿವಿಯುತ್ತಿದ್ದರು. ಕಿರುಚಾಟ ಏರಿತು, ಒಡೆಯಿತು, ಬಿಕ್ಕಳಿಕೆಗೆ ಇಳಿಯಿತು. ಆಮೇಲೆ ಬರಿಯ ಮೂಗು ಎಳೆಯುವ ಸದ್ದು. ಲಿಖಿತಾ ಎದ್ದಳು. ಉರುಳಿಹೋದ ಲೋಟ ಹುಡುಕಿ ಎತ್ತಿ, ಒರೆಸುವ ಬಟ್ಟೆ ತಂದು ಹಾಲಿನ ಮೇಲೆ ಹಾಕಿ ಕಾಲಿನಿಂದ ತಿಕ್ಕತೊಡಗಿದಳು. ಅಮ್ಮ ತಟ್ಟನೆ ತಿರುಗಿದರು.

"ಬಿಸಾಕಿದ್ ಲೋಟ ನೀನೇ ಎತ್ತಿದೆ. ಆಲು ನೀನೇ ಒರ್ಸಿದೆ. ಒಳ್ಳೇ ಮಗು ನೀನು" ಎಂದರು. ಕೋತಿ ಇಲ್ಲ, ಮುಂಡೇದು ಇಲ್ಲ, ಬರಿಯ ಹೊಗಳಿಕೆ. ನಾನು ಪೇಪರು ಮಡಚಿಟ್ಟೆ.

ಮಾವ ಮೆಲ್ಲಗೆ, "ಬಸ್ಸಿಗೆ ಒತ್ತಾಯ್ತು. ಕೂಸಿನ ಬಟ್ಟೆ..." ಎಂದರು.

ಲಿಖಿತಾ ಬಟ್ಟೆ ಹಿಡಿದ ಕೈಯಲ್ಲೇ ಅಮ್ಮನ ಮುಖ ನೋಡಿದಳು. "ಅಜ್ಜಿ, ನಾನು ಪುಟ್ಟನ್ನ ಬೀಳಿಸಿದ್ದಕ್ಕೆ ತಾನೇ ನನ್ನ ಕಳಿಸ್ತಿರೋದು?"

ಅಷ್ಟು ದಿನವೂ ಅವಳಿಗೆ ಗೊತ್ತಿತ್ತು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಒಂದು ಮಾತೂ ಆಡದೆ ಹೊತ್ತುಕೊಂಡು ಓಡಾಡಿದ್ದಳು. ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಅಮ್ಮ ನೆಲಕ್ಕೆ ಕುಸಿದು ಕೂತು ಅವಳನ್ನು ಎಳೆದುಕೊಂಡರು. "ಯಾರ್ ಕಳಿಸ್ತಾರೆ ನಿನ್ನ? ನಾನ್ ಕಳಿಸಲ್ಲ. ಬೀಗರೇ, ತಪ್ಪು ತಿಳ್ಕೋಬ್ಯಾಡಿ. ಕೂಸು ಇಲ್ಲೇ ಇರ್ತಾಳೆ. ನೋಡ್ಬೇಕು ಅನ್ಸಿದ್ರೆ ನೀವೇ ಬಂದು ಓಗಿ."

ಮಾವ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ರೂಪಾ ಒಳಬಾಗಿಲಲ್ಲಿ ಪುಟ್ಟನನ್ನು ಎದೆಗೊತ್ತಿ ನಿಂತಿದ್ದಳು.

ಲಿಖಿತಾ ಬಾಗಿಲ ಪಕ್ಕ ಹೋದಳು. ಬ್ಯಾಗಿನ ಜಿಪ್ಪು ಎಳೆದು, ಒಂದೊಂದೇ ಫ್ರಾಕು ತೆಗೆದು, ಓಡಿ ಓಡಿ ಕಪಾಟಿನಲ್ಲಿ ತುರುಕಿದಳು. ಪುಟ್ಟನ ಲಂಗೋಟಿಗಳ ಮೇಲೆ ಎರಡು, ನನ್ನ ಅಂಗಿಗಳ ನಡುವೆ ಒಂದು, ಮಿಕ್ಕವು ಎಲ್ಲೆಂದರಲ್ಲಿ. ಯಾರೂ ನಡುವೆ ಕೈ ಹಾಕಲಿಲ್ಲ. ಕೊನೆಗೆ ಬ್ಯಾಗನ್ನು ಬೋರಲು ಹಾಕಿ ಕೊಡವಿ, ಏನೂ ಉಳಿದಿಲ್ಲವೆಂದು ಇಣುಕಿ ನೋಡಿ, ಅದನ್ನು ಎಳೆದುಕೊಂಡು ಬಂದು ಮಾವನ ಮುಂದಿಟ್ಟಳು.

"ತಾತಾ, ಖಾಲಿ ಆಯ್ತು. ಈಗ ತಗೊಂಡು ಹೋಗು."